ಹಟ್ಟಿ ಕ್ಯಾಂಪಿನ ದಿನಗಳು

ಕಳೆದ ತಿಂಗಳು ಒಂದು ಸಂಜೆ ಪಾಂಡವಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಎದುರುಮನೆಯಾಕೆ ಕೈಯಲ್ಲೊಂದು ಕಾಗದ ಹಿಡಿದು ಬಂದರು. ಅವರ ಮಗಳು ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿದವಳು. ಕಾಗದವೆಂದರೆ ರಾಜಸ್ಥಾನದ ಒಂದು ಗಣಿಯಿಂದ ಅವಳಿಗೆ ಬಂದ ನೇಮಕದ ಆಜ್ಞೆ.

“ನೀವು ಮೂವತ್ತು ವರ್ಸಕ್ಕೂ ಮೇಲೆ ಗಣೀಲಿ ಇದ್ದೋರು, ನೀವೇ ಹೇಳಿ ಅಣ್ಣಯ್ಯ. ಹೆಣ್ಮಗ, ಅಷ್ಟು ದೂರ, ಅದೂ ಭೂಮಿಯೊಳಿಕ್ಕೆ ಇಳೀತೀನಿ ಅಂತಾಳೆ. ಕಳಿಸ್ಲಾ, ಬ್ಯಾಡ್ವಾ?”

ಎರಡು ದಿನ ಬಿಟ್ಟು ಹೇಳುತ್ತೇನೆ ಎಂದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಾಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನೆಲದಡಿಯ ಗಣಿಯಲ್ಲಿ ಹೆಂಗಸರು ದುಡಿಯುವುದನ್ನು 1952ರ ಗಣಿ ಕಾಯಿದೆ ತಡೆದಿತ್ತು. ಹಗಲು ಹೊತ್ತಿನಲ್ಲಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ, ಆಕೆಯ ಲಿಖಿತ ಒಪ್ಪಿಗೆ ಪಡೆದು ಇಳಿಸಬಹುದೆಂದು ಕೇಂದ್ರ ಸರ್ಕಾರ ಸಡಿಲಿಸಿದ್ದು 2019ರಲ್ಲಿ. ಆಕೆ ಹೋದ ಮೇಲೆ ಬಹಳ ಹೊತ್ತು ನಾನು ಹಾಗೆಯೇ ಕುಳಿತಿದ್ದೆ. ನನ್ನ ತಾಯಿಯೂ ಹೀಗೆಯೇ ಒಂದು ಕಾಗದವನ್ನು ಹಿಡಿದುಕೊಂಡು ಊರಿನ ಮೇಷ್ಟರ ಮನೆಗೆ ಹೋಗಿದ್ದಳು. ಅದು 1974ನೆಯ ಇಸವಿ.

ನಮ್ಮದು ನಾಗಮಂಗಲ ತಾಲೂಕಿನ ಒಂದು ಸಣ್ಣ ಹಳ್ಳಿ. ರಾಗಿ, ಹುರುಳಿ, ಅಲ್ಲೊಂದು ಇಲ್ಲೊಂದು ಹುಣಿಸೆಮರ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಆಕಾಶ. ತಾಯಿ ಶ್ರೀರಂಗಪಟ್ಟಣದ ಬಳಿ ಹೊಳೆಯ ದಂಡೆಯಲ್ಲಿ ಹುಟ್ಟಿದವಳು. ಕಾವೇರಿಯಲ್ಲಿ ಮಿಂದು ಬೆಳೆದವಳನ್ನು ಈ ಕಲ್ಲುಭೂಮಿಗೆ ತಂದು ಹಾಕಿದರೆಂಬ ದೂರು ಅವಳ ಬಾಯಲ್ಲಿ ಕೊನೆಯವರೆಗೂ ಇತ್ತು. ನನ್ನ ಓದಿಗಾಗಿ ಅವಳು ತನ್ನ ಕಿವಿಯ ಓಲೆಗಳನ್ನು ಶ್ರೀರಂಗಪಟ್ಟಣದ ಒಬ್ಬ ಸಾಹುಕಾರರಲ್ಲಿ ಅಡವಿಟ್ಟಿದ್ದಳು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಕೆಲಸವಿಲ್ಲದೆ ತಿರುಗಿದ ನನಗೆ ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಗಣಿಯಲ್ಲಿ ಮಾದರಿ ತೆಗೆಯುವವನ ಕೆಲಸ ಸಿಕ್ಕಿತು. ನಮ್ಮ ಕಡೆ ‘ಹಟ್ಟಿ’ ಎಂದರೆ ಮನೆ. ಅಪ್ಪ ಕಾಗದದ ಸಂಗತಿ ಕೇಳಿ, “ಹಟ್ಟಿ ಬಿಟ್ಟು ಹಟ್ಟಿಗೆ ಹೋಗಾಕೆ ರೈಲು ಬೇಕೇನ್ಲಾ?” ಎಂದು ನಕ್ಕ. ನಕ್ಕವನು ಅಂದು ರಾತ್ರಿ ಊಟ ಮಾಡಲಿಲ್ಲ.

ರೈಲು ಒಂದಲ್ಲ, ಮೂರು ಬೇಕಾದವು. ಪಾಂಡವಪುರದ ನಿಲ್ದಾಣದಿಂದ ಬೆಂಗಳೂರಿಗೆ, ಅಲ್ಲಿಂದ ರಾತ್ರಿಯೆಲ್ಲ ಸಣ್ಣ ಗೇಜಿನ ಗಾಡಿಯಲ್ಲಿ ಗುಂತಕಲ್ಲಿಗೆ, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ದೊಡ್ಡ ಗೇಜಿನಲ್ಲಿ ರಾಯಚೂರಿಗೆ. ಮತ್ತೆ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರು ಬಸ್ಸು. ಕಪ್ಪು ಎರೆಭೂಮಿ, ನಡುನಡುವೆ ಬೋಳು ಕಲ್ಲುಗುಡ್ಡ, ಎಲ್ಲಿ ನೋಡಿದರೂ ಜೋಳದ ಕೂಳೆ. ಮೂರನೆಯ ದಿನದ ಬಿಸಿಲಿನಲ್ಲಿ ಕಂಡಕ್ಟರು “ಹಟ್ಟಿ ಕ್ಯಾಂಪ್, ಇಳೀರಿ” ಎಂದು ಕೂಗಿದ. ಹಳೆಯ ಊರಾದ ಹಟ್ಟಿ ಬೇರೆ, ಗಣಿಯ ಸುತ್ತ ಬೆಳೆದ ಈ ಕ್ಯಾಂಪ್ ಬೇರೆ. ವರ್ಷಗಟ್ಟಲೆ ಸಂಸಾರ ಹೂಡಿದವರೂ ಅದನ್ನು ಕ್ಯಾಂಪ್ ಎಂದೇ ಕರೆಯುತ್ತಿದ್ದರು. ನಾಳೆ ಗುಡಾರ ಕಿತ್ತುಕೊಂಡು ಹೊರಡುವವರ ಹಾಗೆ!

ಮೊದಲು ಕಣ್ಣಿಗೆ ಬಿದ್ದದ್ದು ಶಾಫ್ಟಿನ ಮೇಲಿನ ಉಕ್ಕಿನ ಗೋಪುರ ಮತ್ತು ಅದರ ನೆತ್ತಿಯಲ್ಲಿ ತಿರುಗುವ ಗಾಲಿಗಳು. ಆಮೇಲೆ, ಅರೆದು ಚಿನ್ನ ತೆಗೆದ ಕಲ್ಲುಪುಡಿಯನ್ನು ಸುರಿದು ಸುರಿದು ಎದ್ದಿದ್ದ ಬೂದುಬಣ್ಣದ ದಿಬ್ಬ. ಬೇಸಿಗೆಯ ಗಾಳಿ ಎದ್ದಿತೆಂದರೆ ಆ ಪುಡಿ ಹಾಸಿಗೆಯವರೆಗೆ ಬರುತ್ತಿತ್ತು. ಕಲ್ಲು ಅರೆಯುವ ಗಿರಣಿಯ ಸದ್ದು ಹಗಲಿರುಳೂ ಒಂದೇ ಸಮ. ಮೊದಲ ವಾರ ಅದರಿಂದ ನನಗೆ ನಿದ್ದೆ ಬರಲಿಲ್ಲ; ಆರು ತಿಂಗಳ ಮೇಲೆ ಒಂದು ರಾತ್ರಿ ಅದು ನಿಂತಾಗ ಇಡೀ ಸಾಲುಮನೆಗಳ ಜನ ಎದ್ದು ಹೊರಗೆ ಬಂದು ಒಬ್ಬರ ಮುಖವನ್ನೊಬ್ಬರು ನೋಡಿದೆವು.

ಭಾಷೆ ಕನ್ನಡವೇ, ಆದರೂ ಮೊದಲ ಕೆಲವು ದಿನ ನಾನು ಪರದೇಶಿ. ನನ್ನ “ಹೋಯ್ತೀನಿ, ಬತ್ತೀನಿ” ಕೇಳಿ ಪಕ್ಕದ ಮನೆಯ ಹುಡುಗರು ಉರುಳಾಡಿ ನಗುತ್ತಿದ್ದರು. ಆ ಮನೆಯ ಯಜಮಾನತಿಯನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. “ಮೈಸೂರು ಕಡೇರೇನ್ರಿ? ಬರ್ರಿ, ರೊಟ್ಟಿ ಉಣ್ಣಾಕ ಬರ್ರಿ” ಎಂದು ಕರೆದು, ಕಟಕಟನೆ ಮುರಿಯುವ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯವಿಟ್ಟು ಕೊಟ್ಟರು. ಮುದ್ದೆಯನ್ನು ನುಂಗಿ ಬೆಳೆದ ಗಂಟಲಿಗೆ ಅದು ಮುಳ್ಳಿನ ಹಾಗೆ ಇಳಿಯಿತು. ಒಂದು ವರ್ಷದೊಳಗೆ ಅದೇ ರೊಟ್ಟಿಗಾಗಿ ಸಂಜೆಯನ್ನು ಕಾಯುವವನಾದೆ. ಬೆಂಗಳೂರಿನ ಭಾನುವಾರದ ಪತ್ರಿಕೆ ನಮ್ಮ ಕೈಗೆ ಸೋಮವಾರ, ಕೆಲವೊಮ್ಮೆ ಮಂಗಳವಾರ ಸೇರುತ್ತಿತ್ತು. ಇಂತಹ ಪುರವಣಿಯ ಪುಟಗಳನ್ನು ನಾನು ಹೆಚ್ಚಾಗಿ ಓದಿರುವುದು ಮಂಗಳವಾರದ ರಾತ್ರಿಗಳಲ್ಲಿ, ಅಂಗಳದ ಮಂಚದ ಮೇಲೆ.

ಇನ್ನು ಕೆಲಸ. ದಿನವನ್ನು ಸೂರ್ಯನಲ್ಲ, ಸೈರನ್ನು ಭಾಗ ಮಾಡುತ್ತಿತ್ತು: ಮೂರು ಪಾಳಿ. ಬೆಳಗಿನ ಪಾಳಿಯವನು ದೀಪದ ಕೋಣೆಗೆ ಹೋಗಿ ತನ್ನ ಹಿತ್ತಾಳೆಯ ಬಿಲ್ಲೆಯನ್ನು ಕೊಟ್ಟು ತಲೆದೀಪವನ್ನು ಪಡೆಯಬೇಕು. ಬಿಲ್ಲೆ ಹಲಗೆಯ ಮೊಳೆಯಲ್ಲಿ ತೂಗುತ್ತಿದ್ದರೆ ಅವನು ಕೆಳಗಿದ್ದಾನೆಂದು ಅರ್ಥ. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ಉಳಿದರೆ ಕೋಣೆಯವನು ಊಟಕ್ಕೆ ಏಳುತ್ತಿರಲಿಲ್ಲ. ಆಮೇಲೆ ಕೇಜು. ಕಬ್ಬಿಣದ ಪಂಜರದಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು, ಘಂಟೆಯ ಸಂಕೇತ, ಒಮ್ಮೆಲೇ ಕಾಲಡಿಯ ನೆಲ ಜಾರಿದಂತಾಗುವುದು. ಕಿವಿ ಕಟ್ಟುತ್ತದೆ, ಕತ್ತಲಲ್ಲಿ ಕುತ್ತಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ, ಒಂದೊಂದು ಲೆವೆಲ್ಲಿನ ದೀಪವೂ ಮಿಂಚಿನಂತೆ ಮೇಲಕ್ಕೆ ಹಾರಿಹೋಗುತ್ತದೆ. ಮೊದಲ ದಿನ ನಾನು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿದ್ದ, ಕೋಲಾರದ ಗಣಿಯಲ್ಲಿ ಪಳಗಿ ಬಂದಿದ್ದ ಮುದುಕ ಮೇಸ್ತ್ರಿ, ಕಣ್ಣು ಮುಚ್ಚಿದರೂ ತೆರೆದರೂ ಇಲ್ಲಿ ಒಂದೇ, ತೆರೆದೇ ಇರು ಎಂದ.

ಆ ಮೇಸ್ತ್ರಿಗೆ ನನ್ನ ಊರಿನ ಕಡೆಯ ಮೇಲೆ ಒಂದು ವಿಚಿತ್ರವಾದ ಗೌರವವಿತ್ತು. ಕಾರಣ ವಿದ್ಯುತ್ತು. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಗಣಿಗಳನ್ನು ಸೇರಿತು. ಬೇಸಿಗೆಯಲ್ಲಿ ಹೊಳೆ ಬಡವಾದಾಗ ಆ ವಿದ್ಯುತ್ತು ಕುಗ್ಗಬಾರದೆಂಬುದೂ 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದು. ಮಂಡ್ಯದ ಗದ್ದೆಗಳು ನೆನೆಯುವುದನ್ನು ನಾವು ಬಲ್ಲೆವು. ಆ ನೀರೇ ಮೈಲಿಗಟ್ಟಲೆ ಆಚೆ ಸಾವಿರಾರು ಅಡಿಗಳ ಆಳದಿಂದ ಜನರನ್ನು ಮೇಲಕ್ಕೆತ್ತಿದ್ದನ್ನು ನನಗೆ ತಿಳಿಸಿದವನು ಆ ಮುದುಕ. ನಿಮ್ಮ ತಾಯಿ ಮಿಂದ ನೀರು ನಮ್ಮ ತಂದೆಯನ್ನು ದಿನಾ ಮನೆಗೆ ಕಳಿಸಿತು ಎನ್ನುತ್ತಿದ್ದ. 2001ರಲ್ಲಿ ಕೋಲಾರದ ಗಣಿ ಮುಚ್ಚಿದಾಗ ಅವನು ಬದುಕಿರಲಿಲ್ಲ. ಒಳ್ಳೆಯದೇ ಆಯಿತು.

ನನ್ನ ಪಾಲಿನ ಕೆಲಸ ಸದ್ದಿಲ್ಲದ್ದು. ಹಟ್ಟಿಯ ಚಿನ್ನ ಕರಿಬಂಡೆಯ ನಡುವೆ ಗೋಡೆಯಂತೆ ಕಡಿದಾಗಿ ಇಳಿಯುವ ಬೆಣಚುಕಲ್ಲಿನ ಪಟ್ಟಿಗಳಲ್ಲಿದೆ. ಓಕ್ಲೀ ರೀಫ್, ಮಿಡಲ್ ರೀಫ್, ವಿಲೇಜ್ ರೀಫ್ ಎಂದು ಅವಕ್ಕೆ ಹೆಸರು. ಸುರಂಗ ಮುಂದುವರಿದಂತೆಲ್ಲ ಇಂತಿಷ್ಟು ಅಡಿಗೊಂದು ಕಡೆ ಆ ಪಟ್ಟಿಗೆ ಅಡ್ಡಲಾಗಿ ಉಳಿ ಸುತ್ತಿಗೆಗಳಿಂದ ಗಾಡಿ ತೋಡಿ, ಉದುರಿದ ಚೂರನ್ನೆಲ್ಲ ಕ್ಯಾನ್ವಾಸಿನ ಮೇಲೆ ಹಿಡಿದು, ಬಟ್ಟೆಯ ಚೀಲಕ್ಕೆ ತುಂಬಿ, ನಂಬರಿನ ಚೀಟಿ ಇಟ್ಟು ಕಟ್ಟಬೇಕು. ಮೆತ್ತಗಿನ ಕಲ್ಲು ಹೆಚ್ಚಾಗಿ ಉದುರುತ್ತದೆ, ಗಟ್ಟಿಕಲ್ಲು ಮೊಂಡಾಟ ಮಾಡುತ್ತದೆ. ಆಲಸ್ಯದಿಂದ ಮೆತ್ತಗಿನದನ್ನೇ ತುಂಬಿದರೆ ಲೆಕ್ಕವೆಲ್ಲ ಸುಳ್ಳು. ಆ ಸುಳ್ಳಿನ ಮೇಲೆ ನೂರಾರು ಜನ ತಿಂಗಳುಗಟ್ಟಲೆ ಬರಿಯ ಬಂಡೆಯನ್ನು ಒಡೆಯಬೇಕಾದೀತು. ಗಟ್ಟಿ ಜಾಗದಲ್ಲಿ ಸುತ್ತಿಗೆ ಹತ್ತು ಸಲ ಹೆಚ್ಚು ಬೀಳಬೇಕು. ನಾನು ಕಲಿತ ವಿದ್ಯೆಯೆಲ್ಲ ಇಷ್ಟೇ, ಆದರೆ ಅದನ್ನು ಕಲಿಯಲು ಮೂರು ವರ್ಷ ಹಿಡಿಯಿತು.

ಚೀಲಗಳು ಮೇಲೆ ಹೋಗಿ ಪರೀಕ್ಷಾಶಾಲೆಯನ್ನು ಸೇರುತ್ತಿದ್ದವು. ಆ ಕ್ರಮವನ್ನು ಕಂಡರೆ ಅಡಿಗೆಮನೆಯೇ ನೆನಪಿಗೆ ಬರುತ್ತದೆ. ನುಣ್ಣಗೆ ಅರೆದ ಕಲ್ಲುಪುಡಿಗೆ ಸೀಸದ ಆಕ್ಸೈಡು, ಬಿಳಿಗಾರ, ಸೋಡಾ. ಜೊತೆಗೆ ಒಂದು ಚಿಟಿಕೆ ಗೋಧಿಹಿಟ್ಟು. ಹಿಟ್ಟಿನ ಇಂಗಾಲ ಆಕ್ಸೈಡನ್ನು ಸೀಸವನ್ನಾಗಿ ಇಳಿಸುತ್ತದೆ. ಇಳಿಯುವ ಸೀಸ ದಾರಿಯಲ್ಲಿ ಸಿಕ್ಕಿದ ಚಿನ್ನ ಬೆಳ್ಳಿಗಳನ್ನೆಲ್ಲ ಬಾಚಿಕೊಂಡು ತಳಕ್ಕೆ ಕೂರುತ್ತದೆ. ಆ ಗುಂಡಿಯನ್ನು ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಬಟ್ಟಲೇ ಸೀಸವನ್ನು ಕುಡಿದುಬಿಡುತ್ತದೆ, ಸಾಸಿವೆಗಿಂತ ಸಣ್ಣದಾದ ಒಂದು ಮಣಿ ಮೇಲುಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಅದರ ಬೆಳ್ಳಿಯನ್ನು ಕರಗಿಸಿ, ಉಳಿದ ಚಿನ್ನವನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ತೂಗುವುದು. ಟನ್ನಿಗೆ ನಾಲ್ಕೈದು ಗ್ರಾಂ ಬಂದರೆ ಒಳ್ಳೆಯ ಕಲ್ಲು.

ಮೊದಲ ಕೆಲವು ಸಂಬಳಗಳಲ್ಲಿ ಉಳಿಸಿ ತಾಯಿಯ ಓಲೆಗಳನ್ನು ಬಿಡಿಸಿದೆ. ಎರಡೂ ಸೇರಿ ತೂಕ ನಾಲ್ಕು ಗ್ರಾಂ. ಎಂದರೆ, ಕೆಳಗೆ ನಾವು ನೂಕುತ್ತಿದ್ದ ಕಲ್ಲಿನ ಟಬ್ಬು, ಹೆಚ್ಚುಕಡಿಮೆ ತುಂಬಿದ ಒಂದು ಟಬ್ಬು, ನನ್ನ ತಾಯಿಯ ಎರಡು ಕಿವಿಗಳಲ್ಲಿ! ಅಂದಿನಿಂದ ಮದುವೆಮನೆಗಳಲ್ಲಿ ಹೆಂಗಸರನ್ನು ಕಂಡರೆ ನನಗೆ ಒಡವೆ ಕಾಣುವುದಿಲ್ಲ, ಟಬ್ಬುಗಳು ಕಾಣುತ್ತವೆ.

ಪಾಳಿಯ ಕೊನೆಗೆ ಸಿಡಿತ. ಕೊರೆದ ತೂತುಗಳಿಗೆ ಮದ್ದು ತುಂಬಿ, ಬತ್ತಿಗೆ ಕಿಡಿ ಕೊಟ್ಟು, ಎಲ್ಲರೂ ದೂರ ಸರಿದು ನಿಂತು ಎಣಿಸುತ್ತಿದ್ದೆವು. ತುಂಬಿದ್ದು ಹನ್ನೆರಡಾದರೆ ಹನ್ನೆರಡು ಸದ್ದು ಕೇಳಬೇಕು. ಹನ್ನೊಂದು ಕೇಳಿದರೆ ಬಂಡೆಯೊಳಗೆ ಒಂದು ಮದ್ದು ಬದುಕಿದೆಯೆಂದು ಅರ್ಥ. ಮುಂದಿನ ಪಾಳಿಯವನ ಉಳಿ ಅದನ್ನು ಮುಟ್ಟಬಾರದು. ಎಣಿಸುವಾಗ ಯಾರೂ ಮಾತನಾಡರು. ದೇವಸ್ಥಾನದಲ್ಲಿಯೂ ನಾನು ಅಂತಹ ಮೌನವನ್ನು ಕಂಡಿಲ್ಲ.

ಒಮ್ಮೆ ಹಿರಿಯರೊಬ್ಬರು ನನಗೆ ಹಳೆಯ ಕೆಲಸದ ಗುರುತುಗಳನ್ನು ತೋರಿಸಿದರು. ಹೈದರಾಬಾದು ಸಂಸ್ಥಾನದ ಕಂಪೆನಿ ಇಲ್ಲಿ ಗಣಿ ನಡೆಸಿದ್ದು ನಿನ್ನೆ ಮೊನ್ನೆಯ ಮಾತು. ಅದಕ್ಕೆ ಸುಮಾರು 2,000 ವರ್ಷಗಳ ಮೊದಲೇ ಯಾರೋ ಬಂಡೆಗೆ ಸೌದೆಯೊಟ್ಟಿ ಬೆಂಕಿ ಕೊಟ್ಟು, ಕಾದ ಕಲ್ಲಿಗೆ ನೀರೆರಚಿ ಸಿಡಿಸಿ, 600 ಅಡಿಗಳಿಗೂ ಆಳಕ್ಕೆ ಇಳಿದಿದ್ದರು. ಗಾಳಿಯಿಲ್ಲ, ದೀಪವೆಂದರೆ ಎಣ್ಣೆಯ ಹಣತೆ. ಅವರ ಭಾಷೆ ಯಾವುದೋ, ಎಷ್ಟು ಮಂದಿ ಮೇಲೆ ಬರಲಿಲ್ಲವೋ! ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಗಣಿ ಎಂಜಿನಿಯರು. ಅವನು ಹುಡುಕುತ್ತಿದ್ದದ್ದು ಚಿನ್ನವನ್ನು. ಚಕ್ರವರ್ತಿಯ ಹೆಸರು ಬಂಡೆಯ ಮೇಲೆ ಉಳಿಯಿತು. ಬಂಡೆಯೊಳಗೆ ಇಳಿದವರದು ಉಳಿಯಲಿಲ್ಲ.

ಈಗ ಹೇಳಲು ಕಷ್ಟವಾದದ್ದನ್ನು ಹೇಳಬೇಕು.

1978ರ ಫಾಲ್ಗುಣದಲ್ಲಿ ಅಪ್ಪ ಮೇಷ್ಟರ ಕೈಯಲ್ಲಿ ಕಾಗದ ಬರೆಸಿದ್ದ. ಮೈ ಅಷ್ಟು ಸರಿಯಿಲ್ಲ. ಮೇಲುಕೋಟೆಯ ವೈರಮುಡಿಗೆ ಬಾ, ಒಟ್ಟಿಗೆ ಬೆಟ್ಟ ಹತ್ತೋಣ, ನಿನ್ನಕ್ಕನೂ ಕೃಷ್ಣರಾಜಪೇಟೆಯಿಂದ ಬರುತ್ತಾಳೆ ಎಂದು. ಆ ತಿಂಗಳು ಒಂದು ಹೊಸ ಮುಖ ತೆರೆಯುತ್ತಿದ್ದರು. ನನ್ನ ಮಾದರಿಗಳು ಒಂದಕ್ಕಿಂತ ಒಂದು ಚೆನ್ನಾಗಿ ಬರುತ್ತಿದ್ದವು. ರಜೆ ಕೇಳಿದ್ದರೆ ಸಿಗುತ್ತಿತ್ತು, ನಾನು ಕೇಳಲಿಲ್ಲ. ನಾನಿಲ್ಲದಾಗ ಬೇರೊಬ್ಬನು ಆ ಪಟ್ಟಿಯನ್ನು ಅಳೆದು ಹೆಸರು ಪಡೆದಾನೆಂಬ ಹೊಟ್ಟೆಕಿಚ್ಚು, ಅಷ್ಟೇ. ಯುಗಾದಿಗೆ ಬರುತ್ತೇನೆಂದು ಬರೆದೆ.

ವೈರಮುಡಿ ಕಳೆದು ಹತ್ತನೆಯ ದಿನ ಬೆಳಗಿನ ಪಾಳಿಯಲ್ಲಿ ನಾನು ಕೆಳಗಿದ್ದಾಗ ತಂತಿ ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದವನು ದೀಪದ ಕೋಣೆಗೆ ಹೋಗಿ ನೋಡಿದರೆ ನನ್ನ ಬಿಲ್ಲೆ ಮೊಳೆಯಲ್ಲಿ ತೂಗುತ್ತಿತ್ತು. ಸುದ್ದಿ ಕೆಳಕ್ಕಿಳಿದು, ನಾನು ಒಂದು ತುದಿಯ ಮುಖದಿಂದ ನಡೆದು ಬಂದು ಮೇಲೆ ಏರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅದೇ ಬಸ್ಸು, ಅದೇ ಮೂರು ರೈಲು, ಈ ಸಲ ಹಿಂದುಮುಂದಾಗಿ. ಪಾಂಡವಪುರದ ನಿಲ್ದಾಣದಲ್ಲಿ ನನ್ನನ್ನು ಕಾಯುತ್ತಿದ್ದ ತಮ್ಮನ ತಲೆ ಬೋಳಾಗಿತ್ತು. ಯಾರನ್ನೂ ದೂರುವಂತಿಲ್ಲ. ತಂತಿ ಬೇಗನೆ ಬಂದಿತ್ತು, ರೈಲು ಹೊತ್ತಿಗೆ ಸರಿಯಾಗಿ ನಡೆದಿತ್ತು.

ತಿಥಿ ಮುಗಿಸಿ ಹೊರಟಾಗ ತಾಯಿ ನನ್ನೊಡನೆ ಬಂದಳು, ಜೊತೆಗೆ ಒಂದು ಮೂಟೆ ರಾಗಿಯೂ ಬಂದಿತು. ನಾಲ್ಕು ವರ್ಷ ಕ್ಯಾಂಪಿನಲ್ಲಿದ್ದಳು. ಅವಳೂ ಅಕ್ಕೋರೂ ಆಡುತ್ತಿದ್ದ ಮಾತನ್ನು ಕೇಳಬೇಕಿತ್ತು: ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಕೈಬಾಯಿ ತುಂಬುತ್ತಿದ್ದವು. ಮಂಗಳವಾರ ಅವರ ಮನೆಗೆ ಮುದ್ದೆ ಬಸ್ಸಾರು, ಶುಕ್ರವಾರ ನಮ್ಮ ಮನೆಗೆ ರೊಟ್ಟಿ ಶೇಂಗಾಹಿಂಡಿ. ಮೊಹರಮ್ಮಿಗೆ ಇಬ್ಬರೂ ಸೇರಿ ಮುದಗಲ್ಲಿಗೆ ಅಲಾಯಿ ನೋಡಲು ಬಸ್ಸು ಹತ್ತಿದರು. ಬಂದ ಮೇಲೆ ತಾಯಿ, ಜನವೆಂದರೆ ಮೇಲುಕೋಟೆಯಷ್ಟೇ ಜನ ಎಂದಳು. ಆ ಊರಿನ ಹೆಸರು ಅವಳ ಬಾಯಿಂದ ಬಂದದ್ದು ಅದೊಂದೇ ಸಲ. ಪರೀಕ್ಷೆಗೆ ಗೋಧಿಹಿಟ್ಟು ಹಾಕುತ್ತಾರೆಂದು ಕೇಳಿ ಮಾತ್ರ ಬಹಳ ನಕ್ಕಳು. “ರಾಗಿಹಿಟ್ಟು ಹಾಕ್ದ್ರೆ ಜಾಸ್ತಿ ಚಿನ್ನ ಬತ್ತದೇನೋ, ಕೇಳ್ನೋಡು!” ನಿಮ್ಮ ಗಣಿಯ ಚಿನ್ನವನ್ನು ಒಂದು ಸಲ ತೋರಿಸೆಂದು ಕೇಳುತ್ತಿದ್ದಳು. ಅದು ಆಗದ ಮಾತು. ಎರಕದ ಕೋಣೆಯ ಹತ್ತಿರ ನಮ್ಮಂತಹವರಿಗೂ ಪ್ರವೇಶವಿರಲಿಲ್ಲ. ಚಿನ್ನದ ಊರಿನಲ್ಲಿ ನಾಲ್ಕು ವರ್ಷ ಇದ್ದು ಅವಳು ಕಂಡ ಚಿನ್ನವೆಂದರೆ ತನ್ನ ಓಲೆ ಮಾತ್ರ. ರಜೆಯ ಸಂಗತಿಯನ್ನು ನಾನು ಅವಳಿಗೆ ಹೇಳಲಿಲ್ಲ. ಅವಳು ಕೇಳಲಿಲ್ಲ.

ನಿವೃತ್ತನಾಗಿ ಪಾಂಡವಪುರದಲ್ಲಿ ಮನೆ ಮಾಡಿದ ಮೇಲೂ ಗಣಿ ನನ್ನನ್ನು ಬಿಡಲಿಲ್ಲ. ಬೇಬಿಬೆಟ್ಟದ ಕಡೆಯ ಕಲ್ಲುಗಣಿಗಳ ಸಿಡಿತ ಗಾಳಿ ಇತ್ತ ಬೀಸಿದಾಗ ಕೇಳಿಸುತ್ತಿತ್ತು. ಊಟದ ತಟ್ಟೆಯ ಮುಂದೆಯೂ ನಾನು ಎಣಿಸುತ್ತಿದ್ದೆ. ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಪ್ರಶ್ನೆ ಎದ್ದು, 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆಯನ್ನು ತಡೆಯಿತು. ಗಣಿಗಳಿಗೆ ಬೆಳಕು ಕೊಡಲೆಂದೂ ಕಟ್ಟಿದ ಕಟ್ಟೆಯನ್ನು ಗಣಿಗಳಿಂದಲೇ ಕಾಯಬೇಕಾಗಿ ಬಂದಿತಲ್ಲ ಎಂದುಕೊಂಡೆ. ಇತ್ತ ಶ್ರೀರಂಗಪಟ್ಟಣದ ಬಳಿಯ ಮರಳಗಾಲ, ಅಲ್ಲಾಪಟ್ಟಣಗಳ ನೆಲದಲ್ಲಿ ಅಂದಾಜು 1,600 ಟನ್ ಲಿಥಿಯಂ ಇದೆಯೆಂದು 2021ರಲ್ಲಿ ಪ್ರಕಟವಾದಾಗ ನಮ್ಮ ಅಂಗಡಿಕಟ್ಟೆಗಳಲ್ಲಿ ಭೂಮಿಯ ಬೆಲೆಯದೇ ಮಾತು. ಅಂದಾಜು ಎಂಬ ಮಾತಿನ ತೂಕ ಮಾದರಿ ತೆಗೆದವನಿಗೆ ಗೊತ್ತು. ಅದರಿಂದ ನಾನು ಆ ಚರ್ಚೆಗೆ ಸೇರಲಿಲ್ಲ.

ಎರಡು ದಿನ ಕಳೆದ ಮೇಲೆ ತಾಯಿ ಮಗಳಿಬ್ಬರೂ ಬಂದರು. ಕಳುಹಿಸಿರೆಂದೂ ಬೇಡವೆಂದೂ ನಾನು ಹೇಳಲಿಲ್ಲ. ಕೇಜು, ಬಿಲ್ಲೆ, ಗಟ್ಟಿಕಲ್ಲು, ಎಣಿಕೆ ಇವನ್ನೆಲ್ಲ ಹೇಳಿ, ಕೊನೆಗೆ ಅದುವರೆಗೆ ಯಾರಿಗೂ ಹೇಳದಿದ್ದ ಆ ರಜೆಯ ಸಂಗತಿಯನ್ನೂ ಹೇಳಿದೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಡುಗಿ ನೇಮಕದ ಆಜ್ಞೆಯನ್ನು ಬಿಡಿಸಿ ಎರಡನೆಯ ಪುಟವನ್ನು ತೆಗೆದಳು.

“ತಾತ, ಇಲ್ಲಿ ವರ್ಷಕ್ಕೆ ಇಷ್ಟು ದಿನ ರಜೆ ಅಂತ ಬರ್ದವ್ರೆ. ಎಷ್ಟು ದಿನ ಮುಂಚೆ ಕೇಳ್ಬೇಕಾಯ್ತದೆ?”

ಕನ್ನಡಕ ಹಾಕಿಕೊಂಡು ನಾನು ಆ ಪುಟವನ್ನು ಓದತೊಡಗಿದೆ. ಆಕೆಯ ತಾಯಿ ಎದ್ದು, ರಾಗಿಹಿಟ್ಟು ಎಷ್ಟು ಸೇರು ಕಟ್ಟಿದರೆ ರೈಲಿನಲ್ಲಿ ಹೊರೆಯಾಗುವುದಿಲ್ಲವೆಂದು ನನ್ನ ಹೆಂಡತಿಯನ್ನು ಕೇಳಲು ಒಳಕ್ಕೆ ಹೋದರು.